ಹಾಳಾದ ಮೈಟೋಕಾಂಡ್ರಿಯವನ್ನು ಜೀವಕೋಶ ಗುರುತಿಸುವುದು ಹೇಗೆ?

ಪ್ರಶ್ನೆ — ಉಡುಪಿಯ ಜೀವಶಾಸ್ತ್ರ ಅಧ್ಯಾಪಕಿ

ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ಪ್ರಥಮ ಪಿಯುಸಿಯ ಮಕ್ಕಳಿಗೆ ಜೀವಕೋಶದ ಪಾಠ ನಡೆಯುತ್ತಿದ್ದಾಗ, ಒಳಕೆನ್ನೆಯನ್ನು ಟೂತ್‌ಪಿಕ್ಕಿನ ಮೊಂಡು ತುದಿಯಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಹರಡಿ, ಮೈಟೋಕಾಂಡ್ರಿಯಕ್ಕೆ ಬಣ್ಣ ಹಿಡಿಸುವ, ತೀರ ತೆಳುವಾದ ಜೇನಸ್ ಗ್ರೀನ್ ದ್ರಾವಣದ ಒಂದು ಹನಿ ಬಿಟ್ಟು ತೋರಿಸಿದೆ. ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರದ ಸುತ್ತ ನೀಲಿ-ಹಸಿರು ಚುಕ್ಕಿಗಳು ಕಾಣಿಸಿದವು. ಹಿಂದಿನ ಬೆಂಚಿನವರ ಸರದಿ ಬರುವಷ್ಟರಲ್ಲಿ ಬಣ್ಣ ಮಾಸಿಹೋಗಿ, ಅವರಿಗಾಗಿ ಹೊಸ ಪಟ್ಟಿಯನ್ನೇ ಮಾಡಬೇಕಾಯಿತು.

ಆ ಹಿಂದಿನ ಬೆಂಚಿನ ಹುಡುಗನೊಬ್ಬನ ತಂದೆ ಮಲ್ಪೆಯಲ್ಲಿ ಬೋಟಿನ ಇಂಜಿನ್ ಮೆಕ್ಯಾನಿಕ್. ಮೈಟೋಕಾಂಡ್ರಿಯವೆಂದರೆ ಕೋಶದ ಇಂಜಿನ್ ಇದ್ದಂತೆ ಎಂದು ನಾನು ಹೇಳಿದ್ದೇ ತಡ, ಅವನು ಎದ್ದು ನಿಂತು ಕೇಳಿದ: "ಮೇಡಂ, ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಆ 61 ದಿನಗಳಲ್ಲಿ ಅಪ್ಪ ಇಂಜಿನ್ ಬಿಚ್ಚಿ ರಿಪೇರಿ ಮಾಡುತ್ತಾರೆ. ಕೋಶಕ್ಕೆ ರಜೆಯೇ ಇಲ್ಲವಲ್ಲ, ಓಡುತ್ತಿರುವ ಇಂಜಿನನ್ನು ಅದು ರಿಪೇರಿ ಮಾಡುವುದು ಹೇಗೆ?"

ಹಳತಾದದ್ದನ್ನು ಲೈಸೋಸೋಮ್ ಜೀರ್ಣಿಸಿಕೊಳ್ಳುತ್ತದೆ, ಹೊಸದು ಹುಟ್ಟುತ್ತದೆ ಎಂದು ಹೇಳಿ ಅವತ್ತಿನ ಮಟ್ಟಿಗೆ ಪಾರಾದೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ನನ್ನ ಉತ್ತರ ನನಗೇ ಟೊಳ್ಳೆನಿಸಿತು. ನೂರಾರು ಮೈಟೋಕಾಂಡ್ರಿಯಗಳ ನಡುವೆ ಯಾವುದು ಕೆಟ್ಟಿದೆ, ಯಾವುದು ಸರಿಯಿದೆ ಎಂಬುದು ಕೋಶಕ್ಕೆ ತಿಳಿಯುವುದಾದರೂ ಹೇಗೆ? ಪ್ರತಿಯೊಂದನ್ನೂ ತಪಾಸಣೆ ಮಾಡುವ ವ್ಯವಸ್ಥೆಯೇನಾದರೂ ಇದೆಯೇ? ಕೆಟ್ಟದ್ದನ್ನೆಲ್ಲ ತಿಂದುಹಾಕುವುದೊಂದೇ ದಾರಿಯೇ, ಅಥವಾ ನಿಜವಾದ ಅರ್ಥದಲ್ಲಿ ರಿಪೇರಿಯೂ ನಡೆಯುತ್ತದೆಯೇ? ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಹುಡುಗನಿಗೆ ಸೋಮವಾರ ಉತ್ತರ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.


ಉತ್ತರ 1 — ಕೊಣಾಜೆ ಗುಡ್ಡೆ

ಮೇಡಂ, ನಾನು ಕೋಶಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವನು. ಉತ್ತರ ಉದ್ದವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಪಠ್ಯಪುಸ್ತಕದ ಚಿತ್ರದಲ್ಲಿ ಮೈಟೋಕಾಂಡ್ರಿಯ ಉದ್ದಕ್ಕೆ ಸೀಳಿದ ಗೋಡಂಬಿಯಂತೆ ಒಂಟಿಯಾಗಿ ಕುಳಿತಿರುತ್ತದೆ. ಜೀವಂತ ಕೋಶವನ್ನು ನೋಡಿದರೆ ಅದು ಬಹುಪಾಲು ಹಾಗಿರುವುದಿಲ್ಲ. ಉದ್ದನೆಯ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ, ಮತ್ತೆ ತುಂಡಾಗಿ ಬೇರೆಯಾಗುತ್ತವೆ, ಕೆಲವೇ ನಿಮಿಷಗಳಲ್ಲಿ ಇನ್ನೊಂದರ ಜೊತೆ ಕೂಡುತ್ತವೆ. ಆದ್ದರಿಂದ "ಈ ಮೈಟೋಕಾಂಡ್ರಿಯ", "ಆ ಮೈಟೋಕಾಂಡ್ರಿಯ" ಎಂದು ಬೆರಳಿಟ್ಟು ತೋರಿಸುವಷ್ಟು ಸ್ಥಿರವಾದ ಗುರುತು ಅವುಗಳಿಗಿಲ್ಲ. ಇಂಜಿನ್ನಿನ ಹೋಲಿಕೆ ಸೋಲುವುದು ಇಲ್ಲಿಯೇ. ಎರಡು ಬೋಟುಗಳು ನಡುಗಡಲಿನಲ್ಲಿ ಒಂದಾಗಿ ಬೆರೆತು, ಒಂದರ ಪಿಸ್ಟನ್ನು ಇನ್ನೊಂದಕ್ಕೆ ಸೇರಿ, ಮತ್ತೆ ಎರಡಾಗಿ ಹೊರಡುವುದನ್ನು ಮಲ್ಪೆಯಲ್ಲಿ ಯಾರೂ ಕಂಡಿರಲಾರರು.

ರಿಪೇರಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುತ್ತದೆ, ಮೊದಲ ಹಂತ ಅದೇ. ಮೈಟೋಕಾಂಡ್ರಿಯದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿವೆ. ಮನುಷ್ಯರಲ್ಲಿ ಅದರ ಸ್ವಂತ ಡಿಎನ್‌ಎಯ ಉದ್ದ 16,569 ಅಕ್ಷರಗಳು, ಅದರಲ್ಲಿರುವ ವಂಶವಾಹಿಗಳು 37, ಅವುಗಳಿಂದ ತಯಾರಾಗುವ ಪ್ರೋಟೀನುಗಳು ಬರೀ 13. ಉಳಿದವೆಲ್ಲವೂ ಕೋಶಕೇಂದ್ರದ ವಂಶವಾಹಿಗಳ ಆದೇಶದಂತೆ ಹೊರಗೆ ತಯಾರಾಗಿ, ಮೈಟೋಕಾಂಡ್ರಿಯದ ಎರಡು ಪೊರೆಗಳಲ್ಲಿರುವ ಬಾಗಿಲುಗಳ ಮೂಲಕ, ಮಡಿಕೆ ಬಿಚ್ಚಿದ ದಾರದಂತೆ ಒಳಗೆ ನುಸುಳಬೇಕು. ಒಳಗೆ ಬಂದದ್ದನ್ನು ಸರಿಯಾಗಿ ಮಡಚಲು ನೆರವಾಗುವ ಪ್ರೋಟೀನುಗಳಿವೆ, ಮಡಿಕೆ ತಪ್ಪಿದ್ದನ್ನು ಕತ್ತರಿಸಿ ಹಾಕುವ ಲಾನ್ ಮುಂತಾದ ಕಿಣ್ವಗಳಿವೆ. ಎಲೆಕ್ಟ್ರಾನುಗಳನ್ನು ಒಂದರಿಂದ ಒಂದಕ್ಕೆ ದಾಟಿಸುವ ಉಸಿರಾಟದ ಸರಪಳಿಯಿಂದ ಸೋರಿದ ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ತಗಲಿ ಹುಟ್ಟುವ ಸೂಪರಾಕ್ಸೈಡ್ ಎಂಬ ಉಗ್ರ ಅಣುವನ್ನು ಅಲ್ಲಲ್ಲೇ ತಣಿಸುವ, ಮ್ಯಾಂಗನೀಸ್ ಇರುವ ಕಿಣ್ವವೊಂದಿದೆ. ಈ ಒಂದು ಕಿಣ್ವವಿಲ್ಲದೆ ಹುಟ್ಟಿದ ಇಲಿಮರಿಗಳು ಹೆಚ್ಚು ದಿನ ಬದುಕುವುದಿಲ್ಲ. ಒಳಗಿನ ಒತ್ತಡ ಮಿತಿಮೀರಿದರೆ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿ, ರಿಪೇರಿಯ ಪ್ರೋಟೀನುಗಳ ತಯಾರಿಕೆ ಹೆಚ್ಚುತ್ತದೆ. ಇವೆಲ್ಲವೂ ಇಂಜಿನ್ ಓಡುತ್ತಿರುವಾಗಲೇ ನಡೆಯುವ ಕೆಲಸಗಳು.

ಎರಡನೆಯದು ಆಗಲೇ ಹೇಳಿದ ಕೂಡುವಿಕೆ ಮತ್ತು ತುಂಡಾಗುವಿಕೆ. ಹೊರಪೊರೆಗಳನ್ನು ಬೆಸೆಯುವುದು ಮೈಟೋಫ್ಯೂಸಿನ್ ಎಂಬ ಪ್ರೋಟೀನುಗಳು, ಒಳಪೊರೆಗಳನ್ನು ಬೆಸೆಯುವುದು ಒಪಿಎ-1. ತುಂಡರಿಸುವುದು ಡಿಆರ್‌ಪಿ-1: ಅದರ ಅಣುಗಳು ಎಳೆಯ ಸುತ್ತ ಉಂಗುರವಾಗಿ ಕಟ್ಟಿಕೊಂಡು, ಬಳ್ಳಿಯಿಂದ ಬಿಗಿದಂತೆ ಹಿಸುಕುತ್ತವೆ. ಇದು ಬರೀ ಪುಸ್ತಕದ ವಿಷಯವೆಂದು ತಿಳಿಯಬೇಡಿ. ಒಪಿಎ-1 ವಂಶವಾಹಿ ಕೆಟ್ಟರೆ ದೃಷ್ಟಿನರ ಕ್ಷೀಣಿಸುವ ಆನುವಂಶಿಕ ಕಾಯಿಲೆ ಬರುತ್ತದೆ. ಮೈಟೋಫ್ಯೂಸಿನ್-2 ಕೆಟ್ಟರೆ ಕೈಕಾಲಿನ ನರಗಳು ಸೊರಗುವ ಶಾರ್ಕೋ-ಮೇರೀ-ಟೂತ್ ಕಾಯಿಲೆಯ ಒಂದು ಬಗೆ ಬರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೆಟ್ಟದ್ದು ತಿಳಿಯುವುದು ಹೇಗೆ? ಮೈಟೋಕಾಂಡ್ರಿಯದ ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150ರಿಂದ 180 ಮಿಲಿವೋಲ್ಟ್ ವಿದ್ಯುತ್ ವಿಭವ ಇರುತ್ತದೆ. ಕೇಳಲು ಚಿಕ್ಕದು. ಆದರೆ ಪೊರೆಯ ದಪ್ಪ ಬರೀ ಐದಾರು ನ್ಯಾನೋಮೀಟರ್ ಎಂಬುದನ್ನು ಗಣಿಸಿ ಲೆಕ್ಕ ಹಾಕಿದರೆ, ಅದು ಮೀಟರಿಗೆ ಸುಮಾರು ಮೂರು ಕೋಟಿ ವೋಲ್ಟಿನ ಕ್ಷೇತ್ರ. ಕೋಶದ ಇಂಧನವಾದ ಎಟಿಪಿ ತಯಾರಾಗುವುದು ಈ ವಿಭವದ ಬಲದಿಂದ, ಹೊರಗಿನ ಪ್ರೋಟೀನುಗಳನ್ನು ಒಳಪೊರೆಯ ಬಾಗಿಲಿನಿಂದ ಒಳಗೆಳೆದುಕೊಳ್ಳುವುದೂ ಇದರ ಬಲದಿಂದಲೇ. ಹೀಗಾಗಿ, ಯಾವ ಭಾಗ ಯಾವ ಕಾರಣಕ್ಕೆ ಹಾಳಾಗಿದ್ದರೂ ಸಾಮಾನ್ಯವಾಗಿ ಕೊನೆಗೆ ವಿಭವ ಕುಸಿಯುತ್ತದೆ. ಕೋಶಕ್ಕೆ ಪ್ರತಿಯೊಂದು ಬಿಡಿಭಾಗವನ್ನೂ ಬಿಚ್ಚಿ ನೋಡುವ ಅಗತ್ಯವಿಲ್ಲ, ವಿಭವವನ್ನು ಅಳೆದರೆ ಸಾಕು.

ಅಳೆಯುವ ಉಪಾಯ ಬಹಳ ಸೊಗಸಾಗಿದೆ. ಪಿಂಕ್-1 ಎಂಬ ಪ್ರೋಟೀನನ್ನು ಕೋಶ ಬಿಡುವಿಲ್ಲದೆ ತಯಾರಿಸುತ್ತದೆ, ಬಿಡುವಿಲ್ಲದೆ ನಾಶ ಮಾಡುತ್ತದೆ. ಅದು ಆರೋಗ್ಯವಂತ ಮೈಟೋಕಾಂಡ್ರಿಯಕ್ಕೆ ಬಂದರೆ ಒಳಪೊರೆಯವರೆಗೂ ಎಳೆಯಲ್ಪಟ್ಟು, ಅಲ್ಲಿ ಕತ್ತರಿಗೆ ಸಿಕ್ಕಿ, ಹೊರಗೆ ಬಿದ್ದು ಚೂರಾಗುತ್ತದೆ. ವಿಭವ ಕುಸಿದಿದ್ದರೆ ಒಳಗೆ ಎಳೆದುಕೊಳ್ಳುವವರೇ ಇಲ್ಲದ ಕಾರಣ, ಹೊರಪೊರೆಯ ಬಾಗಿಲಲ್ಲೇ ನಿಂತು ರಾಶಿಯಾಗುತ್ತದೆ. ಗೇಟಿನ ಮುಂದೆ ನಾಲ್ಕು ದಿನದ ದಿನಪತ್ರಿಕೆ ಹಾಗೇ ಬಿದ್ದಿದ್ದರೆ, ಒಳಗೆ ಏನೋ ಸರಿಯಿಲ್ಲವೆಂದು ನೆರೆಮನೆಯವರಿಗೆ ಸಂಶಯ ಬರುವುದಿಲ್ಲವೇ, ಹಾಗೆ. ಹೀಗೆ ನಿಂತ ಪಿಂಕ್-1, ಹತ್ತಿರದಲ್ಲಿರುವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಹಿಡಿದು ಪಾರ್ಕಿನ್ ಎಂಬ ಕಿಣ್ವ ಬಂದು, ಹೊರಪೊರೆಯ ತುಂಬ ಇನ್ನಷ್ಟು ಯುಬಿಕ್ವಿಟಿನ್ ಮೆತ್ತುತ್ತದೆ. ಮೆತ್ತಿದ್ದಕ್ಕೆ ಪಿಂಕ್-1 ಮತ್ತೆ ಫಾಸ್ಫೇಟ್ ಹಚ್ಚುತ್ತದೆ, ಇನ್ನಷ್ಟು ಪಾರ್ಕಿನ್ ಬರುತ್ತದೆ. ಮೈಟೋಫ್ಯೂಸಿನ್‌ಗಳಿಗೂ ಇದೇ ಗತಿಯಾಗುವುದರಿಂದ ಕೆಟ್ಟ ತುಂಡು ಬಲೆಗೆ ಮರಳಿ ಸೇರಲಾರದು. ವಿಭವ ಬಿದ್ದಾಗ ಒಳಗಿನ ಒಪಿಎ-1 ಕೂಡ ಕತ್ತರಿಸಲ್ಪಡುವುದರಿಂದ ಆ ಬಾಗಿಲೂ ಮುಚ್ಚುತ್ತದೆ. ಕೊನೆಗೆ ಎರಡು ಪದರದ ಪೊರೆಯೊಂದು ಅದನ್ನು ಸುತ್ತಿಕೊಂಡು ಚೀಲವಾಗಿ, ಲೈಸೋಸೋಮಿನೊಡನೆ ಸೇರುತ್ತದೆ. ನೀವು ತರಗತಿಯಲ್ಲಿ ಹೇಳಿದ್ದು ಈ ಕೊನೆಯ ಹಂತ. ಅದು ತಪ್ಪಲ್ಲ, ಅದರ ಹಿಂದಿನ ಕಥೆ ಬಿಟ್ಟುಹೋಗಿತ್ತು, ಅಷ್ಟೇ.

ಒಂದು ಸಣ್ಣ ಮಾತು: ಕೋಶ ತನ್ನನ್ನೇ ತಾನು ತಿನ್ನುವ ಈ ಕ್ರಿಯೆಗೆ ಕನ್ನಡದಲ್ಲಿ ಸ್ವಭಕ್ಷಣೆ ಎನ್ನುವ ಪದ ಚೆನ್ನಾಗಿ ಹೊಂದುತ್ತದೆ. 2016ರ ನೊಬೆಲ್ ಪ್ರಶಸ್ತಿ ಯೋಶಿನೋರಿ ಓಸುಮಿಯವರಿಗೆ ಬಂದದ್ದು, ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಹುಡುಕಿದ್ದಕ್ಕೆ. ಮೈಟೋಕಾಂಡ್ರಿಯವನ್ನು ಮಾತ್ರ ಆರಿಸಿ ತಿಂದರೆ ಅದಕ್ಕೆ ಮೈಟೋಫೇಜಿ ಎಂದು ಹೆಸರು.


ಉತ್ತರ 2 — ಮಣಿಪಾಲದ ಪಿಜಿ ವಿದ್ಯಾರ್ಥಿ

ಕೊಣಾಜೆಯ ಸರ್ ಬರೆದದ್ದು ಸೊಗಸಾಗಿದೆ. ಆದರೆ ಪಿಂಕ್-1 ಮತ್ತು ಪಾರ್ಕಿನ್ ಕಥೆಯನ್ನೇ ಇಡೀ ಉತ್ತರವೆಂದು ಹೇಳಿದರೆ ವಿದ್ಯಾರ್ಥಿಗೆ ತಪ್ಪು ಕಲ್ಪನೆ ಬರಬಹುದು ಎಂದು ನನಗನಿಸುತ್ತದೆ. ಈ ಕಥೆ ಹೇಗೆ ಬೆಳಕಿಗೆ ಬಂತು ಎಂಬುದನ್ನು ನೋಡಿದರೆ ಅದರ ಮಿತಿಯೂ ತಿಳಿಯುತ್ತದೆ.

ಪಾರ್ಕಿನ್ ಮೊದಲು ಗೊತ್ತಾದದ್ದು ಮೈಟೋಕಾಂಡ್ರಿಯದ ಅಧ್ಯಯನದಿಂದಲ್ಲ. ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಲಕ್ಷಣ ಕಾಣಿಸಿಕೊಂಡ ಜಪಾನಿನ ಕುಟುಂಬಗಳಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂದು ಹುಡುಕುತ್ತಿದ್ದಾಗ, 1998ರಲ್ಲಿ ಅದು ಸಿಕ್ಕಿತು. ಅಂಥದೇ ಇನ್ನು ಕೆಲವು ಕುಟುಂಬಗಳಲ್ಲಿ ಪಿಂಕ್-1 ಕೆಟ್ಟಿರುವುದು 2004ರಲ್ಲಿ ತಿಳಿಯಿತು. 2006ರಲ್ಲಿ ಹಣ್ಣಿನ ನೊಣಗಳಲ್ಲಿ ಈ ಎರಡು ವಂಶವಾಹಿಗಳನ್ನು ಬೇರೆಬೇರೆಯಾಗಿ ಕೆಡಿಸಿ ನೋಡಿದಾಗ, ಎರಡೂ ಕಡೆ ಒಂದೇ ಬಗೆಯ ತೊಂದರೆ ಕಂಡಿತು: ಹಾರುವ ಸ್ನಾಯುವಿನ ಮೈಟೋಕಾಂಡ್ರಿಯಗಳು ಊದಿಕೊಂಡಿದ್ದವು, ಸ್ನಾಯು ಸವೆದಿತ್ತು. ಪಿಂಕ್-1 ಇಲ್ಲದ ನೊಣಕ್ಕೆ ಹೆಚ್ಚು ಪಾರ್ಕಿನ್ ಕೊಟ್ಟರೆ ಅದು ಸುಧಾರಿಸಿತು. ಪಾರ್ಕಿನ್ ಇಲ್ಲದ ನೊಣಕ್ಕೆ ಹೆಚ್ಚು ಪಿಂಕ್-1 ಕೊಟ್ಟರೆ ಪ್ರಯೋಜನವಾಗಲಿಲ್ಲ. ಮೊದಲು ಪಿಂಕ್-1, ಆಮೇಲೆ ಪಾರ್ಕಿನ್ ಎಂಬ ಸರದಿ ಗೊತ್ತಾದದ್ದು ಹೀಗೆ. 2008ರಲ್ಲಿ ಅಮೆರಿಕದ ರಿಚರ್ಡ್ ಯೂಲ್ ಅವರ ಪ್ರಯೋಗಾಲಯದವರು, ಕೋಶಕ್ಕೆ ವಿಭವ ಕುಸಿಯುವ ರಾಸಾಯನಿಕ ಹಾಕಿದಾಗ ಪಾರ್ಕಿನ್ ಓಡೋಡಿ ಮೈಟೋಕಾಂಡ್ರಿಯದ ಮೇಲೆ ಸೇರುವುದನ್ನು ತೋರಿಸಿದರು.

ಗಮನಿಸಬೇಕಾದದ್ದು ಇಲ್ಲಿದೆ. ಆ ರಾಸಾಯನಿಕ ಕೋಶದ ಎಲ್ಲ ಮೈಟೋಕಾಂಡ್ರಿಯಗಳ ವಿಭವವನ್ನೂ ಒಂದೇ ಏಟಿಗೆ ಕೆಡವುತ್ತದೆ. ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಾದ, ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳಲ್ಲಿ ಪಾರ್ಕಿನ್ ಸಹಜವಾಗಿ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ಧಾರಾಳವಾಗಿ ತುಂಬಿಸಬೇಕು. ನಮ್ಮ ನಿಮ್ಮ ಮೈಯಲ್ಲಿ ದಿನನಿತ್ಯ ಇಂಥದು ನಡೆಯುವುದಿಲ್ಲ.

ಮೈಟೋಫೇಜಿಯನ್ನು ಜೀವಂತ ಪ್ರಾಣಿಯಲ್ಲಿ ನೋಡುವ ಒಂದು ಜಾಣ ವಿಧಾನವಿದೆ. ಮೈಟೋಕಾಂಡ್ರಿಯದ ಹೊರಪೊರೆಗೆ ಕೆಂಪು ಮತ್ತು ಹಸಿರು ಹೊಳೆಯುವ ಎರಡು ಪ್ರೋಟೀನುಗಳನ್ನು ಜೋಡಿಯಾಗಿ ಅಂಟಿಸಿಟ್ಟ ಇಲಿಗಳನ್ನು ಸಾಕುತ್ತಾರೆ. ಎಲ್ಲಿಯವರೆಗೆ ಮೈಟೋಕಾಂಡ್ರಿಯ ಹೊರಗಿದೆಯೋ ಅಲ್ಲಿಯವರೆಗೆ ಎರಡೂ ಬಣ್ಣ ಸೇರಿ ಹಳದಿಯಾಗಿ ಕಾಣುತ್ತದೆ. ಲೈಸೋಸೋಮಿನ ಆಮ್ಲ ತಗಲಿದ ಕೂಡಲೇ ಹಸಿರು ಆರಿಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಮೆದುಳಿನ ತೆಳು ಸೀಳಿನಲ್ಲಿ ಕೆಂಪು ಚುಕ್ಕಿ ಎಣಿಸಿದರೆ, ಎಷ್ಟು ಮೈಟೋಕಾಂಡ್ರಿಯ ಜೀರ್ಣವಾಗುತ್ತಿದೆ ಎಂಬ ಅಂದಾಜು ಸಿಗುತ್ತದೆ. 2018ರಲ್ಲಿ ಪಿಂಕ್-1 ಇಲ್ಲದ ಇಲಿಗಳಲ್ಲಿ ಹೀಗೆ ನೋಡಿದಾಗ, ಪಾರ್ಕಿನ್ಸನ್ನಿನಲ್ಲಿ ಸಾಯುವ ಡೋಪಮಿನ್ ನರಕೋಶಗಳೂ ಸೇರಿದಂತೆ, ಎಲ್ಲೆಡೆಯೂ ಕೆಂಪು ಚುಕ್ಕಿಗಳು ಬಹುಮಟ್ಟಿಗೆ ಮೊದಲಿನಷ್ಟೇ ಇದ್ದವು. ಅಂದರೆ ದಿನನಿತ್ಯದ ಕಸ ತೆಗೆಯುವ ಕೆಲಸಕ್ಕೆ ಬೇರೆ ದಾರಿಗಳಿವೆ. ಪಿಂಕ್-1 ತುರ್ತು ಪರಿಸ್ಥಿತಿಯ ಪಡೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಬೇರೆ ದಾರಿಗಳಲ್ಲಿ ತರಗತಿಗೆ ಹೇಳಲು ಯೋಗ್ಯವಾದದ್ದು ಕೆಂಪು ರಕ್ತಕಣದ್ದು. ನಮ್ಮ ಅಸ್ಥಿಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣಗಳನ್ನು ಹೊರಬಿಡುತ್ತದೆ, ಪ್ರತಿಯೊಂದೂ ಬೆಳೆಯುವ ಕೊನೆಯ ಹಂತದಲ್ಲಿ ತನ್ನ ಮೈಟೋಕಾಂಡ್ರಿಯಗಳನ್ನೆಲ್ಲ ತಾನೇ ಜೀರ್ಣಿಸಿಕೊಳ್ಳುತ್ತದೆ. ಅವು ಕೆಟ್ಟಿವೆಯೆಂದಲ್ಲ, ಇನ್ನು ಬೇಡವೆಂದು. ಇಲ್ಲಿ ಕರೆಗಂಟೆ ಒತ್ತುವುದು ನಿಕ್ಸ್ ಎಂಬ ಹೊರಪೊರೆಯ ಪ್ರೋಟೀನು. ಅದಿಲ್ಲದ ಇಲಿಗಳ ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಗಳು ಉಳಿದುಹೋಗಿ, ಕಣಗಳು ಬೇಗ ನಾಶವಾಗಿ, ರಕ್ತಹೀನತೆ ಬರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೆಲಸ ಮಾಡುವ ಇಂಥ ಪ್ರೋಟೀನುಗಳು ಇನ್ನೂ ಇವೆ. ಇದಲ್ಲದೆ ಇಡೀ ಮೈಟೋಕಾಂಡ್ರಿಯವನ್ನು ಬಲಿಕೊಡದೆ, ಕೆಟ್ಟ ಪ್ರೋಟೀನುಗಳಷ್ಟನ್ನೇ ಒಂದು ಪುಟ್ಟ ಗುಳ್ಳೆಯಲ್ಲಿ ಕಟ್ಟಿ ಲೈಸೋಸೋಮಿಗೆ ಕಳಿಸುವ ವ್ಯವಸ್ಥೆಯೂ ಉಂಟು.


ಉತ್ತರ 3 — ಕೊಣಾಜೆ ಗುಡ್ಡೆ

ಮಣಿಪಾಲದವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಒಂದು ದಾರಿಯನ್ನೇ ಹೆದ್ದಾರಿಯೆಂಬಂತೆ ಬರೆದೆ. ವಿಭವ ಬೀಳುವುದೇ ಸಂಕೇತ ಎಂಬ ತತ್ತ್ವವನ್ನು ಮಾತ್ರ ಬಿಟ್ಟುಕೊಡಲಾರೆ. ಅದು ಪಿಂಕ್-1ಕ್ಕೆ ಮಾತ್ರ ಸೀಮಿತವಲ್ಲ. 2008ರಲ್ಲೇ ಬಂದ ಇನ್ನೊಂದು ಪ್ರಯೋಗದಲ್ಲಿ, ಒಂದು ಮೈಟೋಕಾಂಡ್ರಿಯ ಎರಡಾದಾಗ ಕೆಲವೊಮ್ಮೆ ಒಂದು ಮರಿಯ ವಿಭವ ಹೆಚ್ಚಿ ಇನ್ನೊಂದರದು ತಗ್ಗುವುದು ಕಂಡಿತ್ತು. ತಗ್ಗಿದ್ದು ಮತ್ತೆ ಚೇತರಿಸಿಕೊಂಡರೆ ಬಲೆಗೆ ಸೇರಿತು, ಚೇತರಿಸಿಕೊಳ್ಳದಿದ್ದರೆ ಒಂಟಿಯಾಗಿ ಉಳಿದು ಕೊನೆಗೆ ಸ್ವಭಕ್ಷಣೆಗೆ ಗುರಿಯಾಯಿತು. ತುಂಡಾಗುವುದೇ ಒಂದು ಪರೀಕ್ಷೆ ಎಂದಾಯಿತು. ಹುಡುಗನಿಗೆ ಹೇಳುವುದಾದರೆ ಇದನ್ನೇ ಹೇಳಿ ಎಂದು ನನ್ನ ಸಲಹೆ.

ಜೊತೆಗೆ ಒಂದು ಕೊರತೆಯನ್ನೂ ಹೇಳಬೇಕು. ಈ ಪರೀಕ್ಷೆಯನ್ನು ವಂಚಿಸಲು ಸಾಧ್ಯವಿದೆ. ಒಂದು ಕೋಶದಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎಯ ನೂರಾರು, ಕೆಲವು ಕೋಶಗಳಲ್ಲಿ ಸಾವಿರಾರು ಪ್ರತಿಗಳಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಮಾತ್ರ ದೋಷವಿದ್ದರೆ, ಮೈಟೋಕಾಂಡ್ರಿಯಗಳು ಕೂಡಿದಾಗ ಒಳ್ಳೆಯ ಪ್ರತಿಗಳಿಂದ ಬಂದ ಪ್ರೋಟೀನುಗಳು ಎಲ್ಲೆಡೆ ಹರಡಿಕೊಂಡು, ವಿಭವ ಸರಿಯಾಗಿಯೇ ಇರುತ್ತದೆ. ಸಾಲಗಾರನೊಬ್ಬ ಕೂಡುಕುಟುಂಬದಲ್ಲಿ ಅಡಗಿದಂತೆ, ದೋಷವುಳ್ಳ ಪ್ರತಿ ಹಾಗೆಯೇ ಉಳಿದುಬಿಡುತ್ತದೆ. ಅದರ ಪಾಲು ಅನೇಕ ದೋಷಗಳಲ್ಲಿ ನೂರಕ್ಕೆ 60ರಿಂದ 80ನ್ನು ದಾಟಿದಾಗ ಕಾಯಿಲೆ ತೋರುತ್ತದೆ. ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಕಾಯಿಲೆಗಳು, ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ತೀವ್ರವಾಗಿ ಇನ್ನೊಬ್ಬರಿಗೆ ಸೌಮ್ಯವಾಗಿ ಇರುವುದಕ್ಕೆ ಇದೊಂದು ಕಾರಣ: ಯಾರ ಪಾಲಿಗೆ ದೋಷದ ಪ್ರತಿಗಳು ಎಷ್ಟು ಬಂದವು ಎಂಬುದು ಬದಲಾಗುತ್ತದೆ.


ಉತ್ತರ 4 — ಪಾಂಡೇಶ್ವರದ ಓದುಗ

ನಾನು ವಿಜ್ಞಾನದವನಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಆದರೂ ಪಾರ್ಕಿನ್ಸನ್ ಮಾತು ಬಂದ ಕಾರಣ ಕೇಳುತ್ತಿದ್ದೇನೆ. ನನ್ನ ಚಿಕ್ಕಪ್ಪನಿಗೆ ಆರು ವರ್ಷಗಳಿಂದ ಈ ಕಾಯಿಲೆ ಇದೆ. ಪರಿಚಯದವರೊಬ್ಬರು "ಮೈಟೋಕಾಂಡ್ರಿಯಕ್ಕೆ ಬಲ ಕೊಡುವ ಮಾತ್ರೆ" ಎಂದು ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯ ಡಬ್ಬಿಯನ್ನು ಕೊಟ್ಟುಹೋಗುತ್ತಿದ್ದರು. ಚಿಕ್ಕಮ್ಮ ಎಂಟು ತಿಂಗಳು ತಪ್ಪದೆ ಕೊಟ್ಟರು. ಡಬ್ಬಿಯ ಮೇಲೆ ಕೋಎಂಜೈಮ್ ಕ್ಯೂ-10 ಎಂದಿತ್ತು. ನಡುಕ ಕಡಿಮೆಯಾಗಲಿಲ್ಲ, ಮಾತ್ರೆ ನಿಲ್ಲಿಸಿದಾಗ ಹೆಚ್ಚೂ ಆಗಲಿಲ್ಲ. ಈ ಕಾಯಿಲೆಗೂ ಮೈಟೋಕಾಂಡ್ರಿಯಕ್ಕೂ ನಿಜವಾಗಿ ಸಂಬಂಧವಿದೆಯೇ, ಇದ್ದರೆ ಮಾತ್ರೆ ಏಕೆ ಕೆಲಸ ಮಾಡಲಿಲ್ಲ?


ಉತ್ತರ 5 — ಮಣಿಪಾಲದ ಪಿಜಿ ವಿದ್ಯಾರ್ಥಿ

ಸರ್, ಸಂಬಂಧ ಖಂಡಿತ ಇದೆ. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ಕಳ್ಳತನದಲ್ಲಿ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು, ಕೆಲವೇ ದಿನಗಳಲ್ಲಿ ಮುಂದುವರಿದ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿ ಆಸ್ಪತ್ರೆಗೆ ಬಂದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶ ಮೆದುಳಿನಲ್ಲಿ ಬದಲಾಗಿ, ಡೋಪಮಿನ್ ನರಕೋಶಗಳ ಮೈಟೋಕಾಂಡ್ರಿಯದ ಉಸಿರಾಟದ ಸರಪಳಿಯ ಮೊದಲ ಕೊಂಡಿಯನ್ನೇ ತಡೆಯುತ್ತಿತ್ತು. ಅದೇ ಕೊಂಡಿಯನ್ನು ತಡೆಯುವ ಇನ್ನೊಂದು ವಸ್ತು ರೋಟೆನೋನ್. ಡೆರಿಸ್ ಜಾತಿಯ ಬಳ್ಳಿಗಳ ಬೇರಿನಲ್ಲಿರುವ ಈ ವಿಷವನ್ನು ನೀರಿಗೆ ಬಿಟ್ಟು ಮೀನು ಹಿಡಿಯುವ ಪದ್ಧತಿ ಆಗ್ನೇಯ ಏಷ್ಯಾದಲ್ಲಿ ಹಿಂದಿನಿಂದಲೂ ಇತ್ತು. ಇಲಿಗಳಿಗೆ ಅದನ್ನು ದೀರ್ಘಕಾಲ ಕೊಟ್ಟಾಗ ಪಾರ್ಕಿನ್ಸನ್ನಿನಂಥ ಲಕ್ಷಣಗಳು ಕಂಡವು. ಆದರೆ ಪಿಂಕ್-1 ಅಥವಾ ಪಾರ್ಕಿನ್ ವಂಶವಾಹಿಯ ದೋಷದಿಂದ ಬರುವುದು ಒಟ್ಟು ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ಮಾತ್ರ, ಅದೂ ಹೆಚ್ಚಾಗಿ ಎಳವೆಯಲ್ಲಿ ಶುರುವಾಗುವವರಿಗೆ.

ಕ್ಯೂ-10 ಉಸಿರಾಟದ ಸರಪಳಿಯಲ್ಲಿ ಎಲೆಕ್ಟ್ರಾನ್ ಸಾಗಿಸುವ ವಸ್ತುವೇ ಆದ್ದರಿಂದ, ಅದನ್ನು ಕೊಟ್ಟರೆ ಒಳ್ಳೆಯದಾಗಬಹುದೆಂಬ ಊಹೆ ಮೂರ್ಖತನದ್ದೇನೂ ಆಗಿರಲಿಲ್ಲ. ಅದಕ್ಕೇ ಉತ್ತರ ಅಮೆರಿಕದಲ್ಲಿ ಆರಂಭದ ಹಂತದಲ್ಲಿದ್ದ 600 ರೋಗಿಗಳ ಮೇಲೆ, ದಿನಕ್ಕೆ 1200 ಮತ್ತು 2400 ಮಿಲಿಗ್ರಾಂ ಪ್ರಮಾಣದಲ್ಲಿ, ಖಾಲಿ ಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷೆ ನಡೆಸಿದರು. ಪ್ರಯೋಜನವಾಗುವ ಲಕ್ಷಣವೇ ಕಾಣದೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಮ್ಮ ಚಿಕ್ಕಪ್ಪನವರ ಡಬ್ಬಿಯ ಪ್ರಮಾಣ ಅದಕ್ಕಿಂತ ಹೆಚ್ಚಿರಲಿಕ್ಕಿಲ್ಲ. ನರರೋಗತಜ್ಞರು ಬರೆದ ಔಷಧಿಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಉತ್ಕರ್ಷಣ ತಡೆಯುವ ವಿಟಮಿನ್ ಮಾತ್ರೆಗಳ ವಿಷಯವೂ ಇದೇ ಬಗೆಯದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಅರ್ಧದಷ್ಟು ಜನರಿಗೆ ವಿಟಮಿನ್ ಸಿ ಮತ್ತು ಇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಿದ್ದರು. ಮಾತ್ರೆ ತಿಂದವರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಸ್ಪಂದನೆಗೆ ಆಗಬೇಕಿದ್ದ ಲಾಭವೇ ಆಗಲಿಲ್ಲ. ಮೈಟೋಕಾಂಡ್ರಿಯದಿಂದ ಸೋರುವ ಅಲ್ಪ ಪ್ರಮಾಣದ ಆ ಉಗ್ರ ಅಣುಗಳೇ "ರಿಪೇರಿ ಶುರುಮಾಡಿ" ಎಂಬ ಸಂಕೇತವೂ ಆಗಿರುತ್ತವೆ. ಸಂಕೇತವನ್ನೇ ಒರೆಸಿಹಾಕಿದರೆ ರಿಪೇರಿ ಏಕೆ ನಡೆಯಬೇಕು?

ಮೈಟೋಕಾಂಡ್ರಿಯಗಳ ಸಂಖ್ಯೆ ನಿಜಕ್ಕೂ ಹೆಚ್ಚುತ್ತದೆಂದು ಗಟ್ಟಿಯಾಗಿ ತಿಳಿದಿರುವುದು ವ್ಯಾಯಾಮದಿಂದ. 1967ರಲ್ಲೇ ಜಾನ್ ಹೊಲೋಸಿ ಎಂಬವರು ಇಲಿಗಳನ್ನು ಯಂತ್ರದ ಪಟ್ಟಿಯ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನಲ್ಲಿ ಉಸಿರಾಟದ ಕಿಣ್ವಗಳು ಸುಮಾರು ಎರಡು ಪಟ್ಟಾದದ್ದನ್ನು ತೋರಿಸಿದ್ದರು. ಚಿಕ್ಕಪ್ಪನವರಿಗೆ ಫಿಸಿಯೋಥೆರಪಿಯವರು ಹೇಳಿದ ನಡಿಗೆಯನ್ನು ತಪ್ಪದೆ ಮಾಡಿಸಿ. ಅದರಿಂದ ಕಾಯಿಲೆ ವಾಸಿಯಾಗುತ್ತದೆಂದು ನಾನು ಹೇಳಲಾರೆ, ಆದರೆ ನಡಿಗೆ ಮತ್ತು ಸಮತೋಲನಕ್ಕೆ ಅದರಿಂದ ಅನುಕೂಲವಿದೆ.


ಉತ್ತರ 6 — ಉಡುಪಿಯ ಜೀವಶಾಸ್ತ್ರ ಅಧ್ಯಾಪಕಿ

ಇಬ್ಬರಿಗೂ ಅನಂತ ವಂದನೆಗಳು. ಸೋಮವಾರ ತರಗತಿಯಲ್ಲಿ ದಿನಪತ್ರಿಕೆಯ ಹೋಲಿಕೆಯನ್ನೇ ಹೇಳಿದೆ. ಕಪ್ಪುಹಲಗೆಯ ಮೇಲೆ ಎರಡು ಮನೆ ಬರೆದು, ಒಂದರ ಗೇಟಿನ ಮುಂದೆ ಪಿಂಕ್-1ರ ರಾಶಿ ಹಾಕಿದ್ದು ಮಕ್ಕಳಿಗೆ ಚೆನ್ನಾಗಿ ಹಿಡಿಸಿತು. ಜೇನಸ್ ಗ್ರೀನ್ ಬಣ್ಣ ಮಾಸಿಹೋದದ್ದನ್ನೂ ಇದಕ್ಕೆ ಜೋಡಿಸಿ ಹೇಳಿದೆ: ಉಸಿರಾಡುತ್ತಿರುವ ಮೈಟೋಕಾಂಡ್ರಿಯದ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಆ ಬಣ್ಣವನ್ನು ನೀಲಿಯಾಗಿ ಉಳಿಸುತ್ತದೆ, ಸುತ್ತಲಿನ ಕೋಶದ್ರವ್ಯದಲ್ಲಿ ಅದು ಬಣ್ಣಗೆಡುತ್ತದೆ, ಉಸಿರಾಟ ನಿಂತಂತೆ ಚುಕ್ಕಿಗಳೂ ಮಾಸುತ್ತವೆ.

ಮೆಕ್ಯಾನಿಕ್ಕರ ಮಗ ಅಷ್ಟಕ್ಕೇ ಬಿಡಲಿಲ್ಲ. ಬೆನ್ನುಹುರಿಯಿಂದ ಕಾಲಿನ ಹೆಬ್ಬೆರಳವರೆಗೆ ಹೋಗುವ ನರಕೋಶದ ತಂತು ಒಂದು ಮೀಟರಿನಷ್ಟು ಉದ್ದವಿರುತ್ತದೆಂದು ಹಿಂದಿನ ಪಾಠದಲ್ಲಿ ಹೇಳಿದ್ದೆ. "ಹಾಗಾದರೆ ಅಷ್ಟು ದೂರದ ತುದಿಯಲ್ಲಿರುವ ಮೈಟೋಕಾಂಡ್ರಿಯ ಕೆಟ್ಟರೆ, ಪಿಂಕ್-1 ಕೋಶಕಾಯದಿಂದ ಅಲ್ಲಿಗೆ ಹೋಗುವಷ್ಟರಲ್ಲಿ ನಾಶವಾಗಿಬಿಡುವುದಿಲ್ಲವೇ? ಅದರ ಆಯುಷ್ಯ ಚಿಕ್ಕದೆಂದು ನೀವೇ ಹೇಳಿದಿರಲ್ಲ, ಮೇಡಂ" ಎಂದ. ನನಗೆ ಮತ್ತೆ ಮಾತು ಕಟ್ಟಿತು.


ಉತ್ತರ 7 — ಕೊಣಾಜೆ ಗುಡ್ಡೆ

ಮೇಡಂ, ಆ ಹುಡುಗನನ್ನು ದಯವಿಟ್ಟು ಇಂಜಿನಿಯರಿಂಗಿಗೆ ಬಿಟ್ಟುಕೊಡಬೇಡಿ. ಅವನು ಕೇಳಿದ ಪ್ರಶ್ನೆಯನ್ನೇ ಸಂಶೋಧಕರೂ ಕೇಳಿ, 2022ರಲ್ಲಿ ಒಂದು ಉತ್ತರ ಪ್ರಕಟಿಸಿದ್ದಾರೆ. ಪಿಂಕ್-1 ಪ್ರೋಟೀನಿನ ಆಯುಷ್ಯ ನಿಮಿಷಗಳ ಲೆಕ್ಕದ್ದು. ತಂತುವಿನಲ್ಲಿ ಮೈಟೋಕಾಂಡ್ರಿಯ ಅತಿ ವೇಗವಾಗಿ ಸಾಗಿದರೂ ಸೆಕೆಂಡಿಗೆ ಸುಮಾರು ಒಂದು ಮೈಕ್ರೋಮೀಟರ್. ಮೀಟರಿನಷ್ಟು ದೂರಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಬೇಕು. ಆದ್ದರಿಂದ ನರಕೋಶ ಪ್ರೋಟೀನನ್ನು ಕಳಿಸುವುದೇ ಇಲ್ಲ. ಪಿಂಕ್-1 ತಯಾರಿಸುವ ಸಂದೇಶವಾಹಕ ಆರ್‌ಎನ್‌ಎಯನ್ನೇ ಮೈಟೋಕಾಂಡ್ರಿಯದ ಹೊರಪೊರೆಗೆ ಒಂದು ಕೊಂಡಿಯಿಂದ ಸಿಕ್ಕಿಸಿ, ಅದರ ಬೆನ್ನ ಮೇಲೆಯೇ ತಂತುವಿನ ತುದಿಯವರೆಗೂ ಸಾಗಿಸುತ್ತದೆ. ದಾರಿಯುದ್ದಕ್ಕೂ, ತುದಿ ಮುಟ್ಟಿದ ಮೇಲೂ, ಅಲ್ಲಿಯ ರೈಬೋಸೋಮುಗಳು ಅದನ್ನು ಓದಿ ತಾಜಾ ಪಿಂಕ್-1 ತಯಾರಿಸುತ್ತಿರುತ್ತವೆ.

ನಡುಗಡಲಿನಲ್ಲಿ ಇಂಜಿನ್ ಕೆಟ್ಟರೆ ದಕ್ಕೆಯಿಂದ ಮೆಕ್ಯಾನಿಕ್ ಬರುವವರೆಗೆ ಕಾಯಲಾಗುವುದಿಲ್ಲ, ಬೋಟಿನಲ್ಲೇ ಸ್ಪ್ಯಾನರಿನ ಪೆಟ್ಟಿಗೆ ಇಟ್ಟುಕೊಂಡಿರಬೇಕು. ಇದನ್ನು ಅವನ ಅಪ್ಪ ನಮಗಿಂತ ಚೆನ್ನಾಗಿ ವಿವರಿಸುತ್ತಾರೆ.